ತರ್ಜುಮೆ ಮಾಡದೆ ಬಿಟ್ಟ ಮಾತು

ನಿಜಾಮರ ಕಾಲದಲ್ಲಿ ಲಿಂಗಸುಗೂರಿನ ಅದಾಲತ್ತಿಗೆ ಬಂದವರ ಬಾಯಿ ಕನ್ನಡದ್ದು, ಅಲ್ಲಿನ ಕಾಗದ ಉರ್ದುವಿನದು. ಎರಡರ ನಡುವೆ ನಿಂತವನು ನಾನು. ಸಾಕ್ಷಿದಾರನಿರಲಿ, ಆರೋಪಿಯಿರಲಿ, ಅವನು ಕನ್ನಡದಲ್ಲಿ ಹೇಳಿದ್ದನ್ನು ನಾನು ಉರ್ದುವಿನಲ್ಲಿ ಹೇಳಬೇಕು. ನಾನು ಹೇಳಿದ್ದನ್ನು ಪೇಶ್‌ಕಾರರು, ಅಂದರೆ ಸಾಹೇಬರ ಪಕ್ಕದಲ್ಲಿ ಕುಳಿತು ಕಾಗದಪತ್ರ ನೋಡಿಕೊಳ್ಳುವ ಹಿರಿಯ ಗುಮಾಸ್ತರು, ಬರೆದುಕೊಳ್ಳಬೇಕು. ಬರೆದದ್ದನ್ನು ನಾನು ಮತ್ತೆ ಕನ್ನಡದಲ್ಲಿ ಅವನಿಗೆ ಓದಿ ಹೇಳಬೇಕು. ಅವನು ಹೌದೆಂದರೆ ಹೆಬ್ಬೆಟ್ಟು ಒತ್ತಿಸಿಕೊಂಡು, 'ಅವನ ಭಾಷೆಯಲ್ಲಿ ಓದಿ ಹೇಳಲಾಯಿತು, ಸರಿಯೆಂದು ಒಪ್ಪಿದನು' ಎಂಬ ಸಾಲಿನ ಕೆಳಗೆ ನಾನು ಸಹಿ ಹಾಕಬೇಕು. ಕಾಯಿದೆ ಹೇಳುವುದು ಇಷ್ಟು. ನಾವು ಮಾಡುತ್ತಿದ್ದುದು ಇದರಲ್ಲಿ ಅರ್ಧ ಮಾತ್ರ. ಪೇಶ್‌ಕಾರರು ಆ ಸಾಲನ್ನು ಮೊದಲೇ ಬರೆದು ಕಾಗದವನ್ನು ನನ್ನ ಕಡೆ ತಳ್ಳುತ್ತಿದ್ದರು, ನಾನು ಓದದೆ ಸಹಿ ಹಾಕುತ್ತಿದ್ದೆ, ಹೆಬ್ಬೆಟ್ಟು ತಾನಾಗಿ ಬೀಳುತ್ತಿತ್ತು.

ನನಗೆ ಉರ್ದು ಚೆನ್ನಾಗಿ ಬರುತ್ತದೆಂಬ ಸೊಕ್ಕಿತ್ತು. ಸಿಂಧನೂರಿನಂಥ ಊರಿನಿಂದ ಬಂದವನು ಹೈದರಾಬಾದಿನ ಸಾಹೇಬರ ಎದುರು ತಡವರಿಸದೆ ಮಾತಾಡುವುದೆಂದರೆ ಆಗ ಸಣ್ಣ ಮಾತಲ್ಲ. ಅದಕ್ಕಿಂತ ಹೆಚ್ಚಿನ ಸೊಕ್ಕು ಇನ್ನೊಂದಿತ್ತು. ನಮ್ಮ ರೈತರಿಗೆ ಹೊಲಕ್ಕೆ ಯಾಕೆ ಹೋದಿ ಎಂದು ಕೇಳಿದರೆ ಎತ್ತು ಕೊಂಡ ಸಂತೆಯಿಂದ ಶುರು ಮಾಡುತ್ತಾರೆ. ಆ ಉದ್ದನೆಯ ಮಾತನ್ನು ಹಿಂಡಿ ಎರಡು ವಾಕ್ಯ ಮಾಡಿ ಕೊಡುವುದರಲ್ಲಿ ನಾನು ನಿಸ್ಸೀಮ. ಮುನ್ಸಿಫ್ ಸಾಹೇಬರು ಒಮ್ಮೆ ತುಂಬಿದ ಕಚೇರಿಯಲ್ಲಿ, ಈ ಮನುಷ್ಯ ತೌಡು ಬಿಟ್ಟು ಕಾಳು ಕೊಡುತ್ತಾನೆ ಎಂದು ನನ್ನನ್ನು ಹೊಗಳಿದ್ದರು. ಆ ಹೊಗಳಿಕೆಯೇ ನನ್ನನ್ನು ಕೆಡಿಸಿತು.

ಆ ವರ್ಷ ಸುಗ್ಗಿ ಮುಗಿದ ಮೇಲೆ ಮಸ್ಕಿಯ ಕಡೆಯ ಒಬ್ಬ ರೈತನನ್ನು ಪೊಲೀಸರು ಹಿಡಿದು ತಂದರು. ವಯಸ್ಸು ಮೂವತ್ತರ ಮೇಲೆ. ಒಡಹುಟ್ಟಿದ ತಮ್ಮನನ್ನು ಕೊಡಲಿಯ ಕಾವಿನಿಂದ ಹೊಡೆದು ಕೊಂದಿದ್ದ. ತಮ್ಮ ಒಂದೂವರೆ ವರ್ಷ ಚಿನ್ನದ ಗಣಿಯಲ್ಲಿ ದುಡಿದು ಊರಿಗೆ ಮರಳಿ ಹದಿನೈದು ದಿನವಾಗಿತ್ತು. ಹೊಲದಲ್ಲಿ ಪಾಲು ಕೇಳಲು ಬಂದ ತಮ್ಮನನ್ನು ಅಣ್ಣ ಮುಗಿಸಿದ ಎಂದು ಪೊಲೀಸರು ಬರೆದಿದ್ದರು. ಪಾಲು ಕೇಳಿದ್ದನ್ನು ಕೇಳಿದವರು ಯಾರೂ ಇರಲಿಲ್ಲ. ಆದರೂ ಅಣ್ಣತಮ್ಮಂದಿರ ನಡುವೆ ಕೊಲೆಯಾಯಿತೆಂದರೆ ಪಾಲಿಗೇ ಆಗಿರಬೇಕೆಂದು ಎಲ್ಲರೂ ನಂಬಿದ್ದರು. ನಾನೂ ನಂಬಿದ್ದೆ.

ಆರೋಪಿ ಕಟಕಟೆಯಲ್ಲಿ ಕೈಕಟ್ಟಿ ನೆಟ್ಟಗೆ ನಿಂತಿದ್ದ. ತಮ್ಮನನ್ನು ಯಾಕೆ ಹೊಡೆದೆ ಎಂದು ಸಾಹೇಬರು ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಕೇಳಿದೆ.

"ಅಂವ ನನ್ನ ತಮ್ಮ ಅಲ್ರಿ," ಎಂದ.

ನಾನು ಹೇಳಿದೆ, ಪೇಶ್‌ಕಾರರು ಬರೆದುಕೊಂಡರು. ಆರೋಪಿ ನಿಲ್ಲಿಸಲಿಲ್ಲ. "ನನ್ನ ತಮ್ಮನ ಮಾರಿ ಹಾಕ್ಕೊಂಡು ಯಾವನೋ ಬಂದಾನ್ರಿ. ದನಿನೂ ಅವಂದ ತಂದಾನ. ಕಿವಿ ಹಿಂದಿನ ಮಚ್ಚಿ ಸೈತ ಹಾಂಗ ಮಾಡಿಸ್ಕೊಂಡು ಬಂದಾನ. ನನ್ನ ತಮ್ಮ ಇನ್ನಾ ಗಣಿಯಾಗ ಅದಾನ್ರಿ."

ಶುಕ್ರವಾರ ಅದು. ನಮಾಜಿನ ಹೊತ್ತು ಹತ್ತಿರವಾಗಿತ್ತು. ಸಾಹೇಬರು ಕೈಗಡಿಯಾರ ನೋಡಿ, ಇಷ್ಟುದ್ದ ಏನು ಹೇಳುತ್ತಾನೆ ಎಂದರು. ನಾನು ಹೇಳಿದೆ: "ಅದೇ ಮಾತು ಹುಜೂರ್. ಅವನು ನನ್ನ ತಮ್ಮನಲ್ಲ ಅಂತಾನೆ." ಕಾಗದ ನನ್ನ ಮುಂದೆ ಬಂತು. ಸಹಿ ಹಾಕಿದೆ.

ಸಿಟ್ಟಿಗೆದ್ದವನು 'ಇವತ್ತಿನಿಂದ ನೀ ನನ್ನ ತಮ್ಮ ಅಲ್ಲ' ಎನ್ನುವುದನ್ನು ಎಲ್ಲರೂ ಕೇಳಿದ್ದೇವೆ. ಉರ್ದುವಿನ ಕಾಗದದಲ್ಲಿ ಅವನ ಮಾತು ಹಾಗೆಯೇ ಕೂತಿತು. ತಮ್ಮನ ಹೆಸರೆತ್ತಿದರೆ ಈಗಲೂ ಉರಿಯುವ ಅಣ್ಣ. ಪಾಲಿಗಾಗಿ ಕೊಂದನೆಂಬ ಪೊಲೀಸರ ಕಥೆಗೆ ಇದಕ್ಕಿಂತ ಗಟ್ಟಿಯಾದ ಆಧಾರ ಬೇಕಿರಲಿಲ್ಲ. ರಾಯಚೂರಿನ ಸೆಷನ್ಸಿಗೆ ಮುಕದ್ದಮೆ ಹೋದರೆ ಫಾಂಸಿಯೇ ಎಂದು ವಕೀಲರು ಹೊರಗೆ ಪಾನಪಟ್ಟಿ ಜಗಿಯುತ್ತ ಮಾತಾಡಿಕೊಂಡರು.

ನಾಲ್ಕು ದಿನದ ಮೇಲೆ ಆ ಅಣ್ಣತಮ್ಮಂದಿರ ತಾಯಿ ಬಂದಳು. ಸತ್ತವನ ತಾಯಿ, ಕೊಂದವನ ತಾಯಿ. ಹಣೆಗೆ ಇಭೂತಿ, ಕೊರಳಲ್ಲಿ ಲಿಂಗದ ಕರಡಿಗೆ, ಮಸ್ಕಿಯಿಂದ ನಡೆದೇ ಬಂದು ಕಾಲು ಮೊಣಕಾಲವರೆಗೆ ಧೂಳಾಗಿತ್ತು. ಕಚೇರಿಯ ಕಟ್ಟೆಯ ಮೇಲೆ ಕೂತು, "ಯಪ್ಪಾ, ನನ್ನ ಮಗ ಏನೇನ್ ಹೇಳ್ಯಾನ ಅದನ್ನಷ್ಟು ಓದಿ ಹೇಳು," ಎಂದಳು.

ನಕಲು ತಂದು ಕನ್ನಡದಲ್ಲಿ ಹೇಳಿದೆ. ಹೇಳಿ ಮುಗಿಸಲು ಎರಡು ನಿಮಿಷ ಹಿಡಿಯಲಿಲ್ಲ. ಆಕೆ ಇನ್ನೂ ಬರಲಿದೆ ಎಂದು ನನ್ನ ಬಾಯಿಯನ್ನೇ ನೋಡುತ್ತ ಕೂತಿದ್ದಳು.

"ಇಷ್ಟ ಏನು? ಮಾರಿ ಹಾಕ್ಕೊಂಡ್ ಬಂದಾಂವನ ಸುದ್ದಿ ಹೇಳ್ಲಿಲ್ಲೇನು?"

"ಯಾವ ಸುದ್ದಿ?" ಎಂದೆ. ನನಗೆ ಗೊತ್ತಿತ್ತು.

"ಹದಿನೈದು ದಿನ ಮನ್ಯಾಗ ಅದ ಸುದ್ದಿ ಯಪ್ಪಾ. ಸಣ್ಣಾಂವ ಗಣಿಯಿಂದ ಬಂದಾಗ ಒಣಗಿ ಕಟಗಿ ಆಗಿದ್ದ, ಗಡ್ಡಾ ಬಿಟ್ಟಿದ್ದ. ದೊಡ್ಡಾಂವ ನೋಡ್ದಾಂವನ, ಇಂವ ಅಲ್ಲವ್ವಾ ಅಂದ. ಗಡ್ಡಾ ತಗಿಸಿದ್ವಿ. ಆದ್ರೂ ಅಲ್ಲ ಅಂದ. ತಮ್ಮ ಎಲ್ಲಿ ಅದಾನ ಹೇಳಲೇ ಅಂತ ತಮ್ಮನ್ನ ಹಿಡದು ಕೇಳ್ತಿದ್ದ. ಮಠದ ಅಜ್ಜಾರ ಕಡಿಂದ ತಾಯತ ತಂದ್ ಕಟ್ಟಿದೆ. ಅವರಪ್ಪ ಸತ್ತಾಗ ಸಣ್ಣಾಂವ ತೊಟ್ಟಲಾಗ ಇದ್ದ. ಹೆಗಲ ಮ್ಯಾಲ ಹೊತ್ತು ಬೆಳಸ್ಯಾನ ಯಪ್ಪಾ ಅಂವ. ಅದನ್ನೆಲ್ಲ ಕೋರ್ಟಿನ್ಯಾಗ ಯಾಕ ಹೇಳ್ಲಿಲ್ಲ?"

"ಅವನು ಹೇಳಿದ್ದು ಇಷ್ಟೇ ಅವ್ವಾ," ಎಂದೆ.

ಆಕೆ ನನ್ನನ್ನು ನಂಬಿದಳು. ಕಾಗದವನ್ನು ಮುಟ್ಟಿ ಕಣ್ಣಿಗೆ ಒತ್ತಿಕೊಂಡು ಎದ್ದುಹೋದಳು. ಸರಕಾರದ ಕಾಗದವೆಂದರೆ ಅವಳಿಗೆ ಅಷ್ಟು ನಂಬಿಕೆ. ಜೀವನದಲ್ಲಿ ಬೇಕಾದಷ್ಟು ಸುಳ್ಳು ಹೇಳಿದ್ದೇನೆ. ಅವತ್ತಿನಷ್ಟು ನಾಚಿಕೆ ಯಾವತ್ತೂ ಆಗಿರಲಿಲ್ಲ.

ಪೇಶ್‌ಕಾರರಿಗೆ ಹೇಳಿದೆ. ಕನ್ನಡ ತಿಳಿದಿದ್ದರೂ ಅವರು ಬರೆಯುತ್ತಿದ್ದುದು ನಾನು ಹೇಳಿದ ಉರ್ದುವನ್ನಷ್ಟೇ. ಅವರು ಕೆಟ್ಟವರಲ್ಲ, ನನ್ನ ಮದುವೆಯ ಮಾತುಕತೆಗೆ ಹಿರಿಯರಾಗಿ ಕೂತವರು. ಕನ್ನಡಕ ತೆಗೆದು ಒರೆಸುತ್ತ ಕೇಳಿಸಿಕೊಂಡು ಹೇಳಿದರು:

"ಓದಿ ಹೇಳೀನಿ ಅಂತ ಸಹಿ ಮಾಡಿಯಲ್ಲೋ. ಈಗ ಓದೇ ಇಲ್ಲ ಅಂದ್ರ ಸುಳ್ಳ ದಸ್ತಾವೇಜು ಆತು. ನಿನ್ನ ನೌಕರಿ ಹೋಗ್ತೈತಿ, ನನ್ನ ಕುತ್ತಿಗಿಗೂ ಬರ್ತೈತಿ. ಇಷ್ಟಾಗಿ ಅಂವ ಹುಚ್ಚ ಅಂತ ಯಾರು ಹೇಳ್ಯಾರ? ಅವರವ್ವ ಹೇಳ್ಯಾಳ. ಯಾವ ತಾಯಿ ಹೇಳೂದಿಲ್ಲ?"

ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಎರಡು ದಿನ ಕೆಲಸದಲ್ಲಿ ಮುಳುಗಿದ್ದೆ. ಮೂರನೆಯ ದಿನ ಯಾವುದೋ ಎಮ್ಮೆ ಕಳವಿನ ಸಾಕ್ಷಿಯೊಬ್ಬ ಕಟಕಟೆಗೆ ಬಂದ. ಅವನ ಪ್ರತಿ ಮಾತನ್ನೂ ನಾನು ಬಿಡದೆ ಉರ್ದು ಮಾಡುತ್ತ ಹೋದೆ: ಎಮ್ಮೆಯ ಕೋಡು, ಅವನ ಹೆಂಡತಿಯ ಜ್ವರ, ಹಳ್ಳದ ನೀರು. ಸಾಹೇಬರು ತಲೆಯೆತ್ತಿ ನನ್ನನ್ನು ನೋಡಿದರು. ಪೇಶ್‌ಕಾರರ ಲೇಖನಿ ನಿಂತಿತು. ಮಾತನ್ನು ಹಿಂಡುವ ಧೈರ್ಯ ನನ್ನಲ್ಲಿ ಉಳಿದಿಲ್ಲವೆಂಬುದು ಆಗ ನನಗೆ ತಿಳಿಯಿತು. ಆ ಮಧ್ಯಾಹ್ನವೇ ಒಂದು ಕಾಗದದಲ್ಲಿ ಆರೋಪಿ ಹೇಳಿದ್ದನ್ನು ನೆನಪಿದ್ದಷ್ಟೂ ಬರೆದು, ನಾನು ಬಿಟ್ಟದ್ದನ್ನೂ, ಓದಿ ಹೇಳದೆ ಸಹಿ ಹಾಕಿದ್ದನ್ನೂ ಬರೆದು, ಸಾಹೇಬರ ಮೇಜಿನ ಮೇಲಿಟ್ಟೆ.

ಅವರು ಎರಡು ಸಲ ಓದಿದರು. ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ತೌಡು ಎಂದು ನೀನು ಬಿಸಾಡಿದ್ದರಲ್ಲೇ ಇವನ ಜೀವ ಇತ್ತಲ್ಲ ಎಂದು ಮಾತ್ರ ಹೇಳಿದರು. ಆಮೇಲೆ ಎರಡು ಹುಕುಂ ಬರೆಸಿದರು. ಆರೋಪಿಯ ಬುದ್ಧಿಯ ಬಗ್ಗೆ ಶಂಕೆ ಬಂದಿರುವುದರಿಂದ ಹತ್ತು ದಿನ ಡಾಕ್ಟರರು ಅವನನ್ನು ನೋಡಿ ವರದಿ ಕೊಡಬೇಕು. ಆ ಹತ್ತು ದಿನ ಮುಗಿದ ಕೂಡಲೆ ನಾನು ಕೆಲಸದಿಂದ ದೂರ ಇರಬೇಕು. ಬೇರೆ ತರ್ಜುಮೆದಾರನಿಲ್ಲದ್ದರಿಂದ ಡಾಕ್ಟರರ ಮಾತು ಆರೋಪಿಗೆ ಮುಟ್ಟಿಸುವ ಕೆಲಸ ಅಲ್ಲಿಯವರೆಗೆ ನನ್ನದೇ.

ಡಾಕ್ಟರರು ಸರಕಾರಿ ದವಾಖಾನೆಯವರು. ಮುರಿದ ಮೂಳೆ, ಕಾಲರಾ, ಚೇಳು ಕಡಿತ ಇವೆಲ್ಲ ಅವರ ಕೈಗೆ ಬಗ್ಗುತ್ತಿದ್ದವು. ತಲೆಯ ರೋಗ ತಮ್ಮ ವಿಷಯವಲ್ಲವೆಂದು ಮೊದಲೇ ಹೇಳಿಬಿಟ್ಟರು. ದಿನಾ ಬೆಳಿಗ್ಗೆ ಆರೋಪಿಯನ್ನು ಕೂಡಿಹಾಕಿದ್ದ ಹವಾಲಾತಿಗೆ ಬಂದು ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡು ಪ್ರಶ್ನೆ ಕೇಳುತ್ತಿದ್ದರು. ಇವತ್ತು ಯಾವ ವಾರ? ಸರಿಯಾಗಿ ಹೇಳಿದ. ಜೋಳ ಬಿತ್ತುವುದು ಯಾವ ಮಳೆಗೆ? ಹೇಳಿದ. ನಿನ್ನ ಊರಿನಿಂದ ಇಲ್ಲಿಗೆ ಎಷ್ಟು ಹಳ್ಳ ದಾಟಬೇಕು? ಎಣಿಸಿ ಹೇಳಿದ. ಉಳಿದ ಹೊತ್ತಿನಲ್ಲಿ ಸಿಪಾಯಿ ಕೊಟ್ಟ ಪುಂಡಿ ನಾರಿನಿಂದ ಹಗ್ಗ ಹೊಸೆಯುತ್ತಿದ್ದ. ಹಗ್ಗ ಸಮವಾಗಿ, ಗಟ್ಟಿಯಾಗಿ ಬರುತ್ತಿತ್ತು. ಬಟ್ಟೆ ಹರಿದುಕೊಳ್ಳಲಿಲ್ಲ, ಕೂಗಾಡಲಿಲ್ಲ. ಇವನು ನಿಜಕ್ಕೂ ಹುಚ್ಚನೇ ಎಂಬ ಅನುಮಾನ ನನಗೂ ಶುರುವಾಯಿತು.

ನಾಲ್ಕನೆಯ ದಿನ ಡಾಕ್ಟರರು ತಮ್ಮನನ್ನು ಯಾಕೆ ಕೊಂದೆ ಎಂದು ಕೇಳಿಸಿದರು.

ಅವನಿಗೆ ಸಿಟ್ಟು ಬಂತು. "ನನ್ನ ತಮ್ಮನ್ನ ನಾ ಯಾಕ ಕೊಲ್ಲಲ್ರಿ? ಇರಾಂವ ಒಬ್ಬ ತಮ್ಮ. ನಾಲಿಗಿ ಬಿಗಿ ಹಿಡದು ಮಾತಾಡ್ರಿ."

ಪೂರ್ತಿ ಹೇಳಿದೆ. ಡಾಕ್ಟರರು ಅಪರಾಧವನ್ನೇ ಇಲ್ಲವೆನ್ನುವವನು ಹುಚ್ಚನಲ್ಲ, ಜಾಣ ಎಂದರು. ಅವನ ಮಾತಿನ ಅರ್ಥ ಹಾಗಲ್ಲ, ಸತ್ತವನು ಬೇರೆಯವನೆಂದು ಅವನು ತಿಳಿದಿದ್ದಾನೆ ಎಂದು ನಾನು ವಿವರಿಸಹೋದೆ. ಅವರು ಕೈಯೆತ್ತಿ ನನ್ನನ್ನು ತಡೆದರು. ಹೋದ ಸಲ ಅವನ ಮಾತಿಗಿಂತ ಕಡಿಮೆ ಹೇಳಿದೆ, ಈಗ ಹೆಚ್ಚು ಹೇಳುತ್ತಿದ್ದೀ, ನಿನ್ನ ಯಾವ ಅಳತೆಯನ್ನು ನಾನು ನಂಬಲಿ ಎಂದು ಕೇಳಿದರು. ನನ್ನ ಬಾಯಿಂದ ಬಂದ ಯಾವ ಮಾತೂ ಇನ್ನು ಅವನ ನೆರವಿಗೆ ಬರುವಂತಿರಲಿಲ್ಲ. ಸಂಜೆ ಮನೆಗೆ ಹೋಗಿ ಹೆಂಡತಿಯ ಎದುರು ಅತ್ತೆ. ಅವಳು ನೌಕರಿ ಹೋಯಿತೆಂದು ಅಳುತ್ತಿದ್ದೇನೆ ಎಂದುಕೊಂಡಳು.

ಎಂಟನೆಯ ದಿನ ನಾವು ಹೋದಾಗ ಹವಾಲಾತಿನ ಸಿಪಾಯಿ ಗೊಣಗುತ್ತಿದ್ದ. ಲಿಂಗಸುಗೂರಿನವನೇ ಆದ ಹಿರಿಯ ಮುಸಲ್ಮಾನ. ಕನ್ನಡ ಉರ್ದು ಎರಡೂ ಮನೆಮಾತಿನಂತೆ ಆಡುತ್ತಿದ್ದ. ಖೋಲಿಯ ತುಂಬ ಇರುವೆ, ಎಲ್ಲಿಂದ ಬರುತ್ತಿವೆಯೋ ತಿಳಿಯದು ಎನ್ನುತ್ತ ಮೂಲೆಯ ಕಂಬಳಿ ಎತ್ತಿದ. ಅದರಡಿ ಒಂದು ಪಂಜೆಯ ಗಂಟು. ಬಿಚ್ಚಿದರೆ ರೊಟ್ಟಿಗಳು. ಎಲ್ಲವೂ ಅರ್ಧಕ್ಕೆ ಮುರಿದವು, ನೀಟಾಗಿ ಒಂದರ ಮೇಲೊಂದು ಜೋಡಿಸಿದವು. ಕೆಳಗಿನವು ಒಣಗಿ ಹಲಗೆಯಾಗಿದ್ದವು.

ಹಗ್ಗ ಹೊಸೆಯುತ್ತಿದ್ದವನು ಎದ್ದು ಬಂದು ಗಂಟಿನ ಮೇಲೆ ಎರಡೂ ಕೈ ಊರಿದ. "ಮುಟ್ಟಬ್ಯಾಡ್ರಿ. ಅವು ನನ್ನ ತಮ್ಮನ ರೊಟ್ಟಿ. ಗಣಿಯಿಂದ ಹಸ್ದು ಬರ್ತಾನ."

ಡಾಕ್ಟರರು ನನ್ನ ಕಡೆ ತಿರುಗಿದರು. ನಾನು ಸಿಪಾಯಿಯ ಕಡೆ ಕೈ ತೋರಿಸಿದೆ. ಅವನು ಇದ್ದದ್ದನ್ನು ಇದ್ದಂತೆ ಉರ್ದುವಿನಲ್ಲಿ ಹೇಳಿದ. ಆಮೇಲೆ ತನ್ನಷ್ಟಕ್ಕೆ ಸೇರಿಸಿದ: ಇವನಿಗೆ ಎರಡು ಹೊತ್ತಿಗೂ ಲೆಕ್ಕದ ರೊಟ್ಟಿ, ಅದರಲ್ಲಿ ಅರ್ಧ ಎತ್ತಿಡುತ್ತಾನೆ ಅಂದರೆ ಬಂದ ದಿನದಿಂದ ಹೊಟ್ಟೆ ತುಂಬಿಲ್ಲ ಹುಜೂರ್. ಡಾಕ್ಟರರು ಆರೋಪಿಯ ಅಂಗಿ ಎತ್ತಿಸಿ ನೋಡಿದರು. ಪಕ್ಕೆಲುಬು ಒಂದೊಂದಾಗಿ ಕಾಣುತ್ತಿದ್ದವು. ಯಾರಿಗೂ ತೋರಿಸದೆ, ಯಾರಿಗೂ ಹೇಳದೆ ಇಷ್ಟು ದಿನ ಹಸಿದಿರುವವನು ನಾಟಕದವನಲ್ಲವೆಂದು ಅವರೇ ತಮಗೆ ತಾವು ಹೇಳಿಕೊಂಡಂತೆ ಹೇಳಿದರು.

ಕುರ್ಚಿಯನ್ನು ಬಾಗಿಲ ಒಳಗೆ ಹಾಕಿಸಿಕೊಂಡರು. ಪ್ರಶ್ನೆಯನ್ನೂ ಬದಲಿಸಿದರು. ಯಾಕೆ ಕೊಂದೆ ಎಂಬುದನ್ನು ಬಿಟ್ಟು, ನಿನ್ನ ತಮ್ಮ ಎಂಥವನು ಎಂದು ಸಿಪಾಯಿಯ ಬಾಯಿಂದ ಕೇಳಿಸಿದರು. ಅವನು ಮಧ್ಯಾಹ್ನದವರೆಗೆ ಹೇಳಿದ. ತಮ್ಮನಿಗೆ ಈಜು ಕಲಿಸಿದ್ದು, ತಮ್ಮ ಗಣಿಗೆ ಹೋದ ದಿನ ಗಾಡಿಯ ಹಿಂದೆ ಓಡಿದ್ದು, ಒಂದು ದಿನ ಅವನ ಮುಖ ಇಟ್ಟುಕೊಂಡು ಬೇರೆಯವನು ಅಂಗಳಕ್ಕೆ ಬಂದದ್ದು. ತಮ್ಮನನ್ನು ಎಲ್ಲಿ ಬಚ್ಚಿಟ್ಟಿದ್ದಾನೆಂದು ಆ ಮನುಷ್ಯ ಹೇಳಲಿಲ್ಲ, ಅದಕ್ಕೆ ಹೊಡೆದೆ ಎಂದ. ಡಾಕ್ಟರರ ವರದಿ ನಾಲ್ಕು ಪುಟವಾಯಿತು. ಸಿಪಾಯಿಯ ಹೇಳಿಕೆಯನ್ನೂ, ರೊಟ್ಟಿಯ ಗಂಟನ್ನೂ ಅದರ ಜೊತೆ ಕಳಿಸಿದರು.

ರಾಯಚೂರಿನಲ್ಲಿ ನಾನೂ ಸಾಕ್ಷಿ. ಸರಕಾರದ ವಕೀಲರು ನನ್ನನ್ನು ಚೆನ್ನಾಗಿ ಹುರಿದರು. ಮೊದಲು ಓದಿ ಹೇಳಿದೆನೆಂದು ಸಹಿ ಹಾಕಿದ್ದೀ, ಈಗ ಇಲ್ಲವೆನ್ನುತ್ತೀ, ಇದರಲ್ಲಿ ಯಾವ ಸುಳ್ಳನ್ನು ಒಪ್ಪಿಕೊಳ್ಳೋಣ ಎಂದು ಕೇಳಿದಾಗ ಕಚೇರಿ ನಕ್ಕಿತು. ಮೊದಲನೆಯದು ಸುಳ್ಳು, ಅದಕ್ಕೆ ಬಂದ ಶಿಕ್ಷೆ ಅನುಭವಿಸುತ್ತೇನೆ, ಎರಡನೆಯದಕ್ಕೆ ನನ್ನನ್ನು ನಂಬಬೇಡಿ, ಆ ಸಿಪಾಯಿಯನ್ನು ಕೇಳಿ ಎಂದೆ. ಕೇಳಿದರು. ಹೊಡೆದ ಹೊತ್ತಿನಲ್ಲಿ ಆರೋಪಿಗೆ ತಾನು ಯಾರನ್ನು ಹೊಡೆಯುತ್ತಿದ್ದೇನೆಂಬ ಅರಿವಿರಲಿಲ್ಲ, ಅವನಿಗೆ ಶಿಕ್ಷೆಯಿಲ್ಲ ಎಂದು ಜಡ್ಜ್ ಸಾಹೇಬರು ಬರೆಸಿದರು. ಗುಣವಾಗುವವರೆಗೆ ಹುಚ್ಚಾಸ್ಪತ್ರೆಯಲ್ಲಿ ಇಡಬೇಕು, ಗುಣವಾದ ಮೇಲೆ ತಾಯಿಯ ಜಾಮೀನಿನ ಮೇಲೆ ಬಿಡಬೇಕು. ಆಸ್ಪತ್ರೆ ರೈಲಿನಲ್ಲಿ ಎರಡು ದಿನದ ದಾರಿ. ಬೇಡಿ ಹಾಕಿ ಕರೆದೊಯ್ಯುವಾಗ ಅವನು ನನ್ನನ್ನು ಗುರುತಿಸಿ, "ತಮ್ಮ ಬಂದ್ರ ಮನಿಗೆ ಹೋಗಂತ ಹೇಳ್ರಿ. ಅವ್ವ ಒಬ್ಬಾಕಿ ಅದಾಳ," ಎಂದ.

ನನ್ನ ನೌಕರಿ ಹೋಯಿತು. ಪೇಶ್‌ಕಾರರಿಗೆ ಬರೀ ತಾಕೀತು ಸಿಕ್ಕಿತು, ಆದರೂ ನನ್ನ ಜೊತೆ ಮಾತು ಬಿಟ್ಟರು. ಅದು ನನಗೆ ನೌಕರಿ ಹೋದದ್ದಕ್ಕಿಂತ ಹೆಚ್ಚು ನೋವು ಕೊಟ್ಟಿತು. ಸಿಂಧನೂರಿಗೆ ಮರಳಿ, ತಹಶೀಲಿನ ಎದುರು ಬೇವಿನ ಮರದ ಕೆಳಗೆ ಚಾಪೆ ಹಾಸಿ ಜನರ ಅರ್ಜಿ ಬರೆಯುತ್ತ ಕೂತೆ.

ಏಳೆಂಟು ತಿಂಗಳ ಮೇಲೆ ಒಂದು ಸಂತೆಯ ದಿನ ಆ ತಾಯಿ ನನ್ನನ್ನು ಹುಡುಕಿಕೊಂಡು ಅಲ್ಲಿಗೆ ಬಂದಳು.

"ಆಸ್ಪತ್ರಿಗೆ ಒಂದು ಅರ್ಜಿ ಬರಿ ಯಪ್ಪಾ," ಎಂದಳು. "ನನ್ನ ಮಗನ್ನ ಗುಣಾ ಮಾಡಬ್ಯಾಡ್ರಿ ಅಂತ ಬರಿ."

ನಾನು ತಪ್ಪು ಕೇಳಿಸಿಕೊಂಡೆನೆಂದು ಮತ್ತೆ ಕೇಳಿದೆ.

"ಗುಣಾ ಆದ್ರ ಅವಗ ತಿಳೀತೈತಲ್ಲ, ಹೊಡದದ್ದು ಯಾರಿಗಂತ. ತಿಳದ ದಿನ ಅಂವ ಉಳಿಯಾಂಗಿಲ್ಲ. ಬಾವಿ ನೋಡ್ಕೋತಾನ. ಒಬ್ಬನ್ನ ಮಣ್ಣಾಗ ಇಟ್ಟೀನಿ. ಇಂವ ಹುಚ್ಚ ಆಗೇರ ಇರ್ಲಿ, ಜೀವದಿಂದ ಇರ್ಲಿ."

ಡಾಕ್ಟರರು ಇಂಥದ್ದನ್ನು ಒಪ್ಪುವುದಿಲ್ಲ ಅವ್ವಾ ಎಂದೆ. ಒಪ್ಪುವುದು ಬಿಡುವುದು ಅವರಿಗೆ ಬಿಟ್ಟದ್ದು, ನೀ ಬರಿ ಎಂದಳು. ಬರೆದೆ. ಆಕೆ ಹೇಳಿದ ಒಂದಕ್ಷರವನ್ನೂ ಬಿಡಲಿಲ್ಲ. ಬರೆದು ಮುಗಿಸಿದ ಮೇಲೆ ಓದಿ ಹೇಳಿ, ಹೌದೆನಿಸಿಕೊಂಡು, ಹೆಬ್ಬೆಟ್ಟು ಒತ್ತಿಸಿದೆ.

ಉತ್ತರ ಬರಲು ಎರಡು ತಿಂಗಳು ಹಿಡಿಯಿತು. ಟಪ್ಪಾಲಿನವನು ತಂದ ಲಕೋಟೆಯನ್ನು ಆಕೆ ಬರುವವರೆಗೆ ಒಡೆಯದೆ ಇಟ್ಟುಕೊಂಡಿದ್ದೆ. ಒಡೆದು ಮೊದಲು ಮನಸ್ಸಿನಲ್ಲೇ ಓದಿಕೊಂಡೆ. ರೋಗಿ ಬಹಳ ಮಟ್ಟಿಗೆ ಸುಧಾರಿಸಿದ್ದಾನೆ. ತಾಯಿಯ ಭಯ ನಮಗೆ ಅರ್ಥವಾಗುತ್ತದೆ. ಅವನನ್ನು ಒಂಟಿಯಾಗಿ ಬಿಡುತ್ತಿಲ್ಲ. ಸತ್ತವನು ತನ್ನ ತಮ್ಮನೇ ಎಂದು ಈಗ ಅವನಿಗೆ ತಿಳಿದಿದೆ. ಇದಿಷ್ಟರ ಕೆಳಗೆ ಇನ್ನೊಂದು ಸಾಲಿತ್ತು: ತಮ್ಮನ ಹೆಸರು ಹಿಡಿದು ದಿನವೂ ಅಳುತ್ತಾನೆ.

ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ ಕನ್ನಡದಲ್ಲಿ ಓದಿ ಹೇಳಿದೆ.

"ಅಳಾಕತ್ತಾನಂತೇನು?" ಎಂದಳು.

"ಹೌದವ್ವಾ."

ಅರ್ಜಿಗೆಂದು ಬಂದಿದ್ದ ಇಬ್ಬರು ಆಕೆಯನ್ನು ನೋಡಿ ದೂರ ಸರಿದು ನಿಂತರು.

"ಸಣ್ಣಾಂವ ಹೋದಾಗಿಂದ ನಾ ಒಬ್ಬಾಕೀನ ಅತ್ತೀನಿ ಯಪ್ಪಾ," ಎಂದಳು. "ಮಣ್ಣ ಕೊಡೂ ದಿನಾನೂ ಒಬ್ಬಾಕೀನ. ಹವಾಲಾತಿನ್ಯಾಗ ನೋಡಾಕ ಹೋಗಿ ಅತ್ತರ ದೊಡ್ಡಾಂವ, ಯಾವನರ ಸಲುವಾಗಿ ಯಾಕ ಅಳ್ತಿಬೇ ಅಂತಿದ್ದ." ಸೆರಗಿನಿಂದ ಮುಖ ಒರೆಸಿಕೊಂಡಳು. "ಹೋದ ಅರ್ಜಿ ಹರದು ಒಗೀರಿ ಅಂತ ಬರಿ. ಗುಣಾ ಮಾಡ್ರಿ ಅಂತ ಬರಿ. ಮನಿಗೆ ಬರ್ಲಿ ಅಂವ. ಬಂದು ನನ್ನ ಜೋಡಿ ಅಳ್ಲಿ."